ಕಥೀಗೆ ಯಾರ ಹೆಸರ ಹಾಕ್ಲಿ, ಅಕ್ಕಾರ?

ಈ ವಾರದ ಪತ್ರ ಬಾಗಲಕೋಟಿ ನವನಗರದಿಂದ ಬಂದೈತಿ. ಬರದಾಕಿಗೆ 31 ವರ್ಷ, ಬಿಎ ಓದ್ಯಾಳ, ಇಬ್ಬರು ಮಕ್ಕಳು, ಗಂಡಗ ಖಾಸಗಿ ಕಂಪನ್ಯಾಗ ನೌಕರಿ, ಮನ್ಯಾಗ ಅತ್ತಿ ಅದಾರ. ಪತ್ರ ಭಾಳ ಉದ್ದ ಐತಿ, ಮುಖ್ಯ ಇದ್ದದ್ದಷ್ಟ ಇಲ್ಲಿ ಹಾಕೀನಿ.

"ಅಕ್ಕಾರ, ನಮಸ್ಕಾರ್ರಿ. ನಾ ಮುಂಜಾನೆ ನಾಕೂವರಿಗೆ ಎದ್ದು ಅಡಗಿಮನ್ಯಾಗ ಕುಂತು ಕಥಿ ಬರೀತೀನ್ರಿ, ನೋಟ್‌ಬುಕ್ ಜ್ವಾಳದ ಡಬ್ಬಿ ಹಿಂದ ಇಟ್ಟಿರ್ತೀನಿ. ಹೋದ ತಿಂಗಳ ಒಂದ ಕಥಿ ಪೇಪರಿನ ರವಿವಾರದ ಪುರವಣ್ಯಾಗ ಬಂತು, ನನ್ನ ಹೆಸರಿನ ಮ್ಯಾಲ. ಅದರಾಗ ಒಬ್ಬಾಕಿ ಅತ್ತಿ ದಿನಾ ಬುಟ್ಟ್ಯಾಗಿನ ರೊಟ್ಟಿ ಎಣಸ್ತಾಳ, ಸೊಸಿಗೆ ಕಡೀಕ ಉಳಿಯೂದು ಹರದ ರೊಟ್ಟಿ. ಆ ಅತ್ತಿ ಎಡಗೈ ಬೆರಳಿನ ತುದಿ ಹಿಟ್ಟಿನ ಗಿರಣ್ಯಾಗ ಸಿಕ್ಕು ಹೋಗೇತಿ ಅಂತ ಬರದಿದ್ದೆ, ನಮ್ಮ ಅತ್ತಿಯವರದೂ ಹಂಗ ಐತ್ರಿ. ವಿಜಯಪುರದಾಗಿರೂ ನಮ್ಮ ನಾದಿನಿ ಅದರ ಫೋಟೋ ಹೊಡದು ಫ್ಯಾಮಿಲಿ ಗ್ರೂಪಿಗೆ ಹಾಕಿ 'ನಮ್ಮವ್ವನ ಮಾನ ಪೇಪರಿಗೆ ಹಾಕ್ಯಾಳ' ಅಂತ ಬರದ್ಲು. ಅತ್ತಿಯವರಿಗೆ ಓದಾಕ ಬರಂಗಿಲ್ರಿ, ಯಾರೋ ಫೋನ್ ಮಾಡಿ ಹೇಳ್ಯಾರ. ಹನ್ನೊಂದ ದಿನ ಆತು, ನನ್ನ ಜೋಡಿ ಮಾತಿಲ್ಲ, ನಾ ಬಡದ ರೊಟ್ಟಿ ಮುಟ್ಟಂಗಿಲ್ಲ, ತಾವ ಬಡಕೊಂಡ ತಿಂತಾರ. ನಮ್ಮನಿಯವರು 'ಬರಿ, ಬ್ಯಾಡ ಅನ್ನಂಗಿಲ್ಲ, ಆದ್ರ ನಿನ್ನ ಹೆಸರ ಹಾಕಬ್ಯಾಡ, ಮತ್ತ ಕಳಸೂಕಿಂತ ಮೊದಲ ನನಗ ತೋರಸು' ಅಂತಾರ. ಪೇಪರಿನವರು ಕೊಟ್ಟ 800 ರೂಪಾಯಿನೂ ಅವರ ಖಾತೆಗೇ ಬಂತ್ರಿ, ಕಾಲೇಜಿನ್ಯಾಗ ಸ್ಕಾಲರ್‌ಶಿಪ್‌ಗೆ ತಗಸಿದ ನನ್ನ ಖಾತೆ ಬಂದ್ ಆಗೇತಿ. ಬರಿಯೂದು ಬಿಟ್ಟಬಿಡ್ಲಾ? ಬ್ಯಾರೆ ಹೆಸರ ಇಟ್ಕೊಳ್ಲಾ? ನಾ ಮಾಡಿದ್ದು ತಪ್ಪೇನ್ರಿ?"

ತಂಗೀ, ನಿನ್ನ ಪತ್ರ ಓದಿದಾಗ ನನಗ ಮೊದಲ ನೆನಪಾದದ್ದು ಇಂಥಾದ ಇನ್ನೊಂದ ಪತ್ರ. 1836ರ ಕಡೀಕ ಇಂಗ್ಲೆಂಡಿನ್ಯಾಗ 20 ವರ್ಷದ ಒಬ್ಬಾಕಿ ಸಾಲಿ ಮಾಸ್ತರಣಿ, ಶಾರ್ಲಟ್ ಬ್ರಾಂಟೆ ಅಂತ, ತನ್ನ ಪದ್ಯ ಆಗಿನ ಆಸ್ಥಾನ ಕವಿ ರಾಬರ್ಟ್ ಸೌದಿಗೆ ಕಳಿಸಿ ನಿನ್ನಂಗ ಕೇಳಿದ್ಲು, ಮುಂದುವರಸ್ಲೋ ಏನ ಬಿಡ್ಲೋ ಅಂತ. ಮುಂದಿನ ವರ್ಷ ಮಾರ್ಚಿನ್ಯಾಗ ಉತ್ತರ ಬಂತು, ಸಾಹಿತ್ಯ ಹೆಂಗಸಿನ ಬಾಳ್ವೆದ ಉದ್ಯೋಗ ಆಗಾಕ ಬರಂಗಿಲ್ಲ, ಆಗಲೂಬಾರದು, ತನ್ನ ಪಾಲಿನ ಕೆಲಸಾ ನೆಟ್ಟಗ ಮಾಡಿದ್ರ ಅದಕ್ಕ ಪುರುಸೊತ್ತು ಎಲ್ಲಿ ಸಿಗತೈತಿ ಅಂತ. ಭಾಳ ಸೌಮ್ಯ ಮಾತಿನ್ಯಾಗ ಬರದಾನ, ಸಿಟ್ಟಿಲ್ಲ, ಬೈಗುಳ ಇಲ್ಲ, ಅದಕ್ಕ ಅದು ಹೆಚ್ಚು ಚುಚ್ಚತೈತಿ. ಆಕಿ ಆ ಪತ್ರ ಜ್ವಾಪಾನ ಮಾಡಿ ಇಟ್ಕೊಂಡ್ಲು. ಹತ್ತು ವರ್ಷಕ್ಕ, 1847ರಾಗ, ಜೇನ್ ಏರ್ ಬಂತು, ತಂದಿ ತಾಯಿ ಇಲ್ಲದ ಹುಡುಗಿ ಮಂದಿ ಮನ್ಯಾಗ ಪಾಠಾ ಹೇಳಿ ತನ್ನ ಅನ್ನ ತಾ ಗಳಸ್ತಾಳ, ತನ್ನ ಮನಸಿಗೆ ಬರದದ್ದಕ್ಕ ಒಲ್ಲೆ ಅಂತಾಳ, ಅಂಥಾ ಕಾದಂಬರಿ.

ಆ ಕವಿ ಕೊಟ್ಟಂಥಾ ಉತ್ತರ ನಾ ಕೊಡಂಗಿಲ್ಲ. ಬಿಡಬ್ಯಾಡ.

ಇನ್ನ ತಪ್ಪೇನು ಅಂತ ಕೇಳಿದಿ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ನಿನ್ನ ನಾದಿನೀನೂ ನಿನ್ನ ಗಂಡನೂ ಎರಡು ಬ್ಯಾರೆ ಬ್ಯಾರೆ ಸಂಗತಿ ಒಂದ ಗಂಟಿನ್ಯಾಗ ಕಟ್ಟಿ ನಿನ್ನ ತಲಿಮ್ಯಾಲ ಇಟ್ಟಾರ, ನೀನೂ ಅದನ್ನ ಹಂಗ ಹೊತ್ಕೊಂಡಿ. ರೊಟ್ಟಿ ಎಣಸೂ ಅತ್ತಿ ನಿಮ್ಮ ಮನ್ಯಾಗ ಅಷ್ಟ ಇಲ್ಲ. ಜಮಖಂಡ್ಯಾಗ ಅದಾಳ, ಗೋಕಾಕದಾಗ ಅದಾಳ, ನಾ ಬೆಳಗಾವಿಗೆ ನಡಿಯಾಕ ಬಂದಾಗ ನಮ್ಮನ್ಯಾಗೂ ಇದ್ದರು. ಉಂಡಾವರ ಎಷ್ಟ ಮಂದಿ, ಉಳದದ್ದು ಎಷ್ಟು, ಕಡೀಕ ಕುಂತಾಕಿ ಗಂಗಾಳದಾಗ ಏನ ಬಿತ್ತು, ಇದು ಊರಾನ ಮಾತು, ಇದನ್ನ ಬರಿಯೂ ಹಕ್ಕು ನಿನಗ ಪೂರಾ ಐತಿ, ಯಾರ ಕಡಿಂದನೂ ಅಪ್ಪಣಿ ತಗೊಳೂ ಗರಜಿಲ್ಲ. ಆದ್ರ ಗಿರಣ್ಯಾಗ ಹೋದ ಬೆರಳ ಊರಾಂದಲ್ಲ, ಅದು ಅವರೊಬ್ಬರದು. ಅದನ್ನ ನೋಡಿದ ಕೂಡ್ಲೇ ಬೀಗರು ಬಿಜ್ಜರು ಎಲ್ಲಾರೂ ಇಕಿನ ಅಂತ ಗುರ್ತ ಹಿಡದ್ರು, ರೊಟ್ಟಿ ಎಣಸೂದಕ್ಕ ಗುರ್ತ ಹಿಡೀಲಿಲ್ಲ. ಮತ್ತ ಒಂದ ಮಾತು, ಅದು ಕಥೀಗೆ ಬೇಕಾಗಿತ್ತೇನು? ನಾ ಎರಡ ಸಲ ಓದಿದೆ. ಬೆರಳ ತಗದ್ರ ಕಥಿಗೆ ಏನೂ ಕಮ್ಮಿ ಆಗಂಗಿಲ್ಲ. ಬರಿಯೂ ಭರಕ್ಕ ಕಣ್ಣ ಮುಂದ ಇದ್ದದ್ದು ಕೈಗೆ ಬಂದು ಬಿಟ್ಟೈತಿ, ಹೊಸದಾಗಿ ಬರಿಯಾವರೆಲ್ಲಾರಿಗೂ ಹಿಂಗ ಆಗ್ತೈತಿ. ಬೆರಳಿನ ಸಲುವಾಗಿ ಅತ್ತಿಯವರ ಕ್ಷಮಾ ಕೇಳು, ಬಾಯಿಬಿಟ್ಟು ಕೇಳು. ರೊಟ್ಟಿ ಸಲುವಾಗಿ ಕೇಳಬ್ಯಾಡ.

ಬಿಡಬ್ಯಾಡ ಅಂತ ಇಷ್ಟು ಜೋರ ಮಾಡಿ ಯಾಕ ಹೇಳ್ತೀನಂದ್ರ ಬಿಟ್ಟಾಕಿ ನಾನೂ ಒಬ್ಬಾಕಿ. 1986ರಾಗ ನಂದೊಂದ ಕೆಂಪ ರಟ್ಟಿನ ನೋಟ್‌ಬುಕ್ ಇತ್ತು, ಮನ್ಯಾಗ ಒಬ್ಬರು ಒಂದ ಮಾತ ಅಂದ್ರು ಅಂತ ಅದನ್ನ ನೀರ ಕಾಸೂ ಒಲ್ಯಾಗ ಹಾಕಿದೆ, ಹಾಕು ಅಂತ ಯಾರೂ ಹೇಳಿರಲಿಲ್ಲ, ನಾನ ಹಾಕಿದೆ. ಅದರಾಗ ಏನ ಬರದಿದ್ದೆ ಅಂತ ಒಂದ ಸಾಲೂ ಈಗ ನೆನಪಿಲ್ಲ, ರಟ್ಟಿನ ಬಣ್ಣ ಅಷ್ಟ ನೆನಪೈತಿ. ಅಮೆರಿಕಾದಾಗ ಕೇಟ್ ಶೋಪಾನ್ ಅಂತ ಒಬ್ಬಾಕಿ ಇದ್ದಳು, ಗಂಡ ಸತ್ತ ಮ್ಯಾಲ ಆರು ಮಕ್ಕಳನ್ನ ಸಾಕತಾ ಬರಿಯಾಕ ಹತ್ತಿದಾಕಿ. 1899ರಾಗ ದ ಅವೇಕನಿಂಗ್ ಅಂತ ಕಾದಂಬರಿ ತಂದ್ಲು, ಅದರಾಗಿನ ನಾಯಕಿ ಮಕ್ಕಳೊಂದಿಗಳು, ಗಂಡನ ದೊಡ್ಡ ಮನಿ ಬಿಟ್ಟು ಸಣ್ಣ ಮನಿ ಮಾಡ್ಕೊಂಡು ಚಿತ್ರಾ ತಗೀತಾಳ, ಈಜು ಕಲೀತಾಳ, ಕಡೀಕ ಸಮುದ್ರಕ್ಕ ಹೋಗ್ತಾಳ. ಪೇಪರಿನವರು ಹೊಲಸು ಪುಸ್ತಕ ಅನ್ನೂ ಹಂಗ ಬರದ್ರು, ಆಮ್ಯಾಲ ಆಕಿ ಭಾಳೇನೂ ಪ್ರಕಟ ಮಾಡಲಿಲ್ಲ, 1904ರಾಗ ತೀರಿಕೊಂಡ್ಲು, ಪುಸ್ತಕಾನ ಮಂದಿ ಮರತು ಮತ್ತ ಓದಾಕ ಶುರು ಮಾಡೂದ್ರಾಗ ಅರ್ಧ ಶತಮಾನ ಮ್ಯಾಲ ಹೋತು. ಅದ 1899ರಾಗ ನಮ್ಮ ಕನ್ನಡದಾಗ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಬಂದಿತ್ತು, ವಿಧವಿ ಹುಡುಗಿ ಮನಿ ಬಿಟ್ಟು ಬಂದು ಓದಿ ಮತ್ತ ಲಗ್ನ ಆಗೂ ಕಥಿ. ಅದನ್ನ ಬರದಾವ್ರು ಗಂಡಸರು. ಬಾಲವಿಧವಿ ಆಗಿದ್ದಾಕಿ ತಾನ ಪೆನ್ನ ಹಿಡದು, ತಾನ ಗ್ರಂಥಮಾಲೆ ನಡಸಿ, ಪತ್ರಿಕಿ ತಗದದ್ದು ನಂಜನಗೂಡು ತಿರುಮಲಾಂಬ, ಸತೀಹಿತೈಷಿಣಿ ಅನ್ನೂ ಆ ಗ್ರಂಥಮಾಲೆ ಶುರು ಆದದ್ದು 1913ರಾಗ. ತಿರುಮಲಾಂಬನ ನಾಯಕಿಯರು ಭಾಳ ಸಹನಿ ಹೆಣ್ಮಕ್ಕಳು, ಓದಿದ್ರ ನಿನಗ ಬ್ಯಾಸರನೂ ಆದೀತು, ಆದ್ರ ಬರದಾಕಿ ಮಾಡಿದ ಕೆಲಸಾ ನೋಡು, ಆ ಕಾಲಕ್ಕ ಅಷ್ಟು ಧೈರ್ಯ ಆಕಿ ಕಥ್ಯಾಗಿನ ಯಾವಾಕಿಗೂ ಇರಲಿಲ್ಲ.

ಹೆಸರಿನ ಮಾತಿಗೆ ಬರ್ತೀನಿ. ಬ್ಯಾರೆ ಹೆಸರ ಇಟ್ಕೊಳ್ಳೂದ್ರಾಗ ನಾಚಿಗಿ ಏನೂ ಇಲ್ಲ. ಜೇನ್ ಏರ್ ಬಂದದ್ದು ಕರರ್ ಬೆಲ್ ಅನ್ನೂ ಹೆಸರಿನ ಮ್ಯಾಲ, ಗಂಡೋ ಹೆಣ್ಣೋ ಗೊತ್ತಾಗಬಾರದು ಅಂತ. ಕೊಡಗಿನ ಗೌರಮ್ಮ ಬರಿಯೂದು ಮಿಸೆಸ್ ಬಿ.ಟಿ.ಜಿ. ಕೃಷ್ಣ ಅಂತ, ವಿಧವೇರ ಮಾತು, ಹೆಂಗಸಿನ ತಪ್ಪಿಗೆ ಅಪರಾಧಿ ಯಾರು ಅನ್ನೂ ಮಾತು, ಎಲ್ಲಾ ಆ ಹೆಸರಿನ ಕೆಳಗ ಬಂತು. ಈಜಾಕ ಹೋಗಿ ನೀರಿನ ಪಾಲಾಗಿ 1939ರಾಗ ಹೋದ್ಲು, ಇಪ್ಪತ್ತೇಳರ ಆಸುಪಾಸಿನ ವಯಸ್ಸು, ನನಗ ಇವತ್ತಿಗೂ ಸಂಕಟ ಆಗ್ತೈತಿ. ಇನ್ನ ನಮ್ಮ ಬೆಳಗಾವ್ಯಾಗ ಮರಾಠಿ ಓದಾವರನ್ನ ಕೇಳು, ವಿಭಾವರಿ ಶಿರೂರಕರ ಹೆಸರ ಹೇಳ್ತಾರ. 1933ರಾಗ ಕಳ್ಯಾಂಚೆ ನಿಃಶ್ವಾಸ ಅಂತ ಕಥಿ ಬಂದ್ವು, ಓದಿದ ಹುಡುಗ್ಯಾರು, ಗಳಿಸೂ ಹುಡುಗ್ಯಾರು, ಅವರ ಮನಸಿನ್ಯಾಗಿನ ಬಯಕಿ. ಮಂದಿ ಕೆರಳಿ ಕೆಂಡ ಆದ್ರು, ಯಾರ ಇಕಿ ಅಂತ ಹುಡಿಕ್ಯಾಡಿದ್ರು. ಖರೇ ಹೆಸರ ಮಾಲತಿ ಬೇಡೇಕರ ಅಂತ ಬಯಲಾಗಾಕ ವರ್ಷಗಟ್ಟಲೆ ಹಿಡೀತು. ಆ ಹೆಸರ ಇಟ್ಕೊಂಡದ್ದಕ್ಕ ಆಕಿಗೆ ಬರಿಯಾಕಾತು, ಅದು ಕೊಡಿ ಇದ್ದಂಗ ಇತ್ತು, ಮಳಿ ನಿಲ್ಲೂತನ.

ಹಂಗಾಗಿ ನಿನಗ ಖುಷಿ ಇದ್ರ ಹೆಸರ ಇಟ್ಕೋ, ಆದ್ರ ಅದನ್ನ ನೀನ ಆರಿಸು. ನಿಮ್ಮವ್ವನ ಹೆಸರೋ, ತವರಮನಿ ಅಡ್ಡಹೆಸರೋ, ಸಾಲ್ಯಾಗ ಗೆಳತ್ಯಾರು ಕರೀತಿದ್ದದ್ದೋ, ನಿಂದು ಅನ್ನಿಸೂವಂಥಾದ್ದು. ನನ್ನ ಕೇಳಿದ್ರ ನಿನ್ನ ಹೆಸರ ಛಲೋ ಐತಿ, ಅದನ್ನ ಮುಚ್ಚೂದು ನನಗ ಮನಸಿಲ್ಲ, ಆದ್ರ ಆ ಮನ್ಯಾಗ ದಿನಾ ಇರಾಕಿ ನೀನು, ನಾ ಅಲ್ಲ.

ಮೊದಲ ನನಗ ತೋರಸು ಅಂತಾರಲ್ಲ, ಅದಕ್ಕ ಮಾತ್ರ ಒಪ್ಪಬ್ಯಾಡ. ನಿನ್ನ ಗಂಡ ಕೆಟ್ಟಾಂವಲ್ಲ, ಬರಿ ಅಂದಾನ, ಅಷ್ಟು ಅನ್ನಾವರು ಎಷ್ಟ ಮಂದಿ ಅದಾರ, ನನಗ ಬರೂ ಪತ್ರ ನೋಡಿದ್ರ ಗೊತ್ತಾಗ್ತೈತಿ. ಆದ್ರ ಈಗ ಮೊದಲ ಓದಾಂವ ನಾಳೆ ಈ ಸಾಲ ತಗಿ ಅಂತಾನ, ನಾಡದ ನಿನಗ ಬರಿಯೂವಾಗನ ಅವನ ಮುಖ ಕಾಣತೈತಿ, ಆಮ್ಯಾಲ ಆ ಸಾಲ ಬರಂಗ ಇಲ್ಲ. ಅಮೆರಿಕಾದ ಲೇಖಕಿ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅನ್ನಾಕಿಗೆ ಹಡದ ಮ್ಯಾಲ ಮನಸಿಗೆ ಕತ್ತಲಿ ಹಿಡದಿತ್ತು, 1887ರಾಗ ಆಗಿನ ಹೆಸರಾದ ಡಾಕ್ಟರ್ ಮನಿ ಕೆಲಸಾ ಮಾಡ್ಕೊಂಡಿರು, ದಿನಕ್ಕ ಎರಡ ತಾಸಿಗಿಂತ ಹೆಚ್ಚು ಓದೂದು ಬ್ಯಾಡ, ಪೆನ್ನ ಮುಟ್ಟಲೇಬ್ಯಾಡ ಅಂದಿದ್ದ. ಹುಚ್ಚು ಹಿಡಿಯೂ ಅಂಚಿಗೆ ಹೋಗಿ ಬಂದ್ಲು. 1892ರಾಗ ದ ಯೆಲ್ಲೋ ವಾಲ್‌ಪೇಪರ್ ಅಂತ ಕಥಿ ಪ್ರಕಟ ಮಾಡಿದ್ಲು, ಅದರಾಗ ಗಂಡ ಡಾಕ್ಟರ, ಹೆಂಡತಿನ್ನ ಮ್ಯಾಲಿನ ಖೋಲ್ಯಾಗ ಇಟ್ಟಾನ, ಎಲ್ಲಾ ನಿನ್ನ ಚಲೋದಕ್ಕ ಅಂತಾನ, ಆಕಿ ಕದ್ದು ಬರೀತಾಳ, ನಾದಿನಿ ಬರೂ ಸಪ್ಪಳ ಕೇಳಿದ ಕೂಡ್ಲೇ ಕಾಗದ ಮುಚ್ಚಿಡ್ತಾಳ. ನಿನ್ನ ಜ್ವಾಳದ ಡಬ್ಬಿ ಓದಿದಾಗ ನನ್ನ ಮೈ ಝುಂ ಅಂತು. ಗಂಡಗ ಹೇಳು, ಪೇಪರಿನ್ಯಾಗ ಬಂದ ದಿನ ಮೊದಲ ನೀವ ಓದ್ರಿ, ನಾನ ತಂದು ಕೊಡ್ತೀನಿ ಅಂತ. ಮತ್ತ ನೋಟ್‌ಬುಕ್ ಡಬ್ಬಿ ಹಿಂದಿಂದ ತಗದು ಎಲ್ಲಾರಿಗೂ ಕಾಣೂ ಮಾಡದಾಗ ಇಡು.

ಖಾತೆ ಮಾತಿನ್ಯಾಗ ನಾ ಸ್ವಲ್ಪ ಗಟ್ಟಿ ದನೀಲೆ ಹೇಳ್ತೀನಿ. ಓದಾಕ ಬರದ ಅತ್ತಿಯವರ ಖಾತೆಗೆ ಗೃಹಲಕ್ಷ್ಮಿ 2000 ರೂಪಾಯಿ ಬರತಿರಬೇಕಲ್ಲ, ಬಿಎ ಓದಿದ ನಿನ್ನ ಖಾತೆ ಬಂದ್. ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವುಲ್ಫ್ 1929ರಾಗ ಹೇಳಿದ್ದು ಇದನ್ನ, ಹೆಂಗಸು ಕಥಿ ಬರೀಬೇಕಂದ್ರ ವರ್ಷಕ್ಕ 500 ಪೌಂಡ್ ತನ್ನ ರೊಕ್ಕ ಇರಬೇಕು, ಕೀಲಿ ಹಾಕಾಕ ಬರೂ ಒಂದ ಖೋಲಿ ಇರಬೇಕು. ಖೋಲಿ ಸದ್ಯ ಆಗಲಿಕ್ಕಿಲ್ಲ, ಖಾತೆ ಆಗ್ತೈತಿ. ಆಧಾರ್, ಪ್ಯಾನ್, ಫೋಟೋ ತಗೊಂಡು ಬ್ಯಾಂಕಿಗೆ ಹೋಗು, ಕೆವೈಸಿ ಮಾಡಿಸಿದ್ರ ಹಳೇ ಖಾತೆ ಚಾಲೂ ಆಗ್ತೈತಿ, ಅದಕ್ಕ ರೊಕ್ಕ ಹತ್ತಂಗಿಲ್ಲ. ಮುಂದಿನ ಕಥಿ ಕಳಸೂವಾಗ ಆ ನಂಬರ್ ಬರದು ಕಳಸು. ಆ 800 ರೂಪಾಯಿನೂ ಕೇಳಿ ಇಸ್ಕೋ, ಜಗಳಾಡಿ ಅಲ್ಲ, ಸಹಜ ಕೇಳು.

ಇನ್ನ ಅತ್ತಿಯವರು. ನಿನ್ನ ಪತ್ರದಾಗ ಎಲ್ಲಾಕಿಂತ ನನ್ನ ಕಾಡಿದ್ದು ಒಂದ ಸಾಲು, ಅವರಿಗೆ ಓದಾಕ ಬರಂಗಿಲ್ಲ ಅನ್ನೂದು. ಅಂದ್ರ ಅವರು ನಿನ್ನ ಕಥಿ ಇನ್ನೂ ಕೇಳೇ ಇಲ್ಲ. ಕೇಳಿದ್ದು ಫೋನಿನ್ಯಾಗ ಯಾರೋ ಉಪ್ಪು ಖಾರ ಹಚ್ಚಿ ಹೇಳಿದ್ದು. ಹನ್ನೊಂದ ದಿನ ಅವರು ಸಿಟ್ಟಾಗಿರೂದು ಆ ಕಥೀಗೆ, ನೀ ಬರದದ್ದಕ್ಕ ಅಲ್ಲ. ಮಧ್ಯಾಹ್ನ ಮಕ್ಕಳು ಸಾಲಿಗೆ ಹೋದ ಮ್ಯಾಲ, ಗಂಡ ಮನ್ಯಾಗ ಇಲ್ಲದಾಗ, ಪೇಪರ ತಗೊಂಡು ಅವರ ಮುಂದ ಕುಂದ್ರು, ಮೊದಲ ಬೆರಳಿನ ಕ್ಷಮಾ ಕೇಳು, ಆಮ್ಯಾಲ ಪೂರಾ ಓದಿ ಹೇಳು, ಒಂದ ಅಕ್ಷರ ಬಿಡಬ್ಯಾಡ, ರೊಟ್ಟಿ ಎಣಸೂದು ಬಂದಾಗ ದನಿ ಸಣ್ಣ ಮಾಡಬ್ಯಾಡ. ಎದ್ದು ಹೋಗಬಹುದು, ಬೈಬಹುದು, ಅದಕ್ಕ ತಯಾರಾಗಿ ಕುಂದ್ರು. ಎದ್ದು ಹೋಗಲಿಲ್ಲ ಅಂದ್ರ ಒಂದ ಕೇಳು, ಅತ್ತೀ, ನೀವು ಸೊಸಿಯಾಗಿ ಬಂದಾಗ ರೊಟ್ಟಿ ಯಾರ ಎಣಸ್ತಿದ್ರಿ ಅಂತ. ಎಂ.ಕೆ. ಇಂದಿರಾ ಅವರ ಫಣಿಯಮ್ಮ ಹುಟ್ಟಿದ್ದು ಹಿಂಗ, ತಮ್ಮ ತಾಯಿ ಬಾಯಿಂದ ಕೇಳಿದ ಒಬ್ಬ ಬಾಲವಿಧವಿ ಬಾಳ್ವೆ, ಅದು ಪುಸ್ತಕ ಆಗಿ ಬಂದದ್ದು 1976ರಾಗ. ನಿಮ್ಮ ಹಳೇ ಮನಿ ಹಿನ್ನೀರಿನ್ಯಾಗ ಹೋದದ್ದು ಅಂತ ಪತ್ರದ ಮೂಲ್ಯಾಗ ಒಂದ ಸಾಲ ಬರದೀಯಲ್ಲ, ಆ ಮನಿ ಬಿಟ್ಟು ಬರೂವಾಗ ಅತ್ತಿಯವರು ಏನೇನ ಹೊತ್ಕೊಂಡ ಬಂದ್ರು, ಏನ ಅಲ್ಲೇ ಬಿಟ್ರು, ಕೇಳೀಯೇನು ಯಾವಾಗರ? ಕೇಳು. ಅವರು ಹೇಳಿದ್ರ, ಬರೀಲೇನ್ರಿ ಅಂತಾನೂ ಕೇಳು. ಬ್ಯಾಡ ಅಂದ್ರ ಬ್ಯಾಡ.

ನಾದಿನಿ ಗ್ರೂಪಿನ್ಯಾಗ ಉತ್ತರ ಕೊಡಾಕ ಹೋಗಬ್ಯಾಡ, ಅಲ್ಲಿ ಏನ ಬರದ್ರೂ ಬೆಂಕಿಗೆ ತುಪ್ಪ.

ನೀ ಕಳಿಸಿದ ಪೇಪರಿನ ಫೋಟೋದಾಗ ಕಡೀ ಕಾಲಮ್ ಮಡಚಿ ಬಿದ್ದೈತಿ, ಸೊಸಿ ಆ ಹರದ ರೊಟ್ಟಿ ಕೈಯಾಗ ಹಿಡದು ಬಾಗಲಕ್ಕ ಬರೂತನ ಅಷ್ಟ ಓದಾಕ ಬಂತು. ಆಮ್ಯಾಲ ಏನ ಮಾಡಿದ್ಲು? ಇನ್ನೊಂದ ಫೋಟೋ ಹೊಡದು ಕಳಸು.