ನೌಕೆ ಮಂಗಳನ ಕಕ್ಷೆ ಮುಟ್ಟುತ್ತದೆ, ಮಂಗಳ ಮಾತ್ರ ಅಲ್ಲಿರುವುದಿಲ್ಲ

ಭೂಮಿಯಿಂದ ಮಂಗಳಕ್ಕೆ ನೌಕೆ ಕಳಿಸುವ ನಿಮ್ಮ ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ನೌಕೆ ಮಂಗಳನ ಕಕ್ಷೆ ತಲುಪಿದರೂ ಗ್ರಹ ಸಿಗದಿರಲು ಕಾರಣ ಬಹುಶಃ ಹೊರಡುವ ದಿನ, ವೇಗವಲ್ಲ. ನಾನೂ ಇಲ್ಲೇ ಸಿಕ್ಕಿಬಿದ್ದಿದ್ದೆ. ಕಡಿಮೆ ಇಂಧನದ ಹಾದಿಯಲ್ಲಿ ಪ್ರಯಾಣಕ್ಕೆ ಸುಮಾರು 259 ದಿನ ಬೇಕು. ನೌಕೆ ಸೂರ್ಯನ ಸುತ್ತ 180 ಡಿಗ್ರಿ ಸಾಗುವಷ್ಟರಲ್ಲಿ ಮಂಗಳ 136 ಡಿಗ್ರಿ ಸರಿದಿರುತ್ತದೆ. ಹಾಗಾಗಿ ಹೊರಡುವಾಗ ಮಂಗಳ ಭೂಮಿಗಿಂತ 44 ಡಿಗ್ರಿ ಮುಂದಿರಬೇಕು.

ಮೊದಲು ಎರಡು ಗ್ರಹಗಳನ್ನಷ್ಟೇ ಓಡಿಸಿ, ಆ ಕೋನ ಬಂದ ದಿನವನ್ನು ಗುರುತು ಹಾಕಿಕೊಳ್ಳಿ. ಆಮೇಲೆ ನೌಕೆ ಬಿಡಿ. ತಪ್ಪಿದರೆ ಮುಂದಿನ ಅವಕಾಶ ಸುಮಾರು 26 ತಿಂಗಳ ನಂತರವೇ. (ಮಂಗಳಯಾನ 2013ರ ಕೊನೆಗೆ ಹೊರಟದ್ದೂ ಇದೇ ಲೆಕ್ಕದಲ್ಲಿ.)

ಕೋಡ್ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನೀವು ಮಂಗಳನ ನಿಜವಾದ ದೀರ್ಘವೃತ್ತದ ಕಕ್ಷೆ ಬಳಸಿದ್ದರೆ 44 ಡಿಗ್ರಿ ಬರೀ ಅಂದಾಜು, ಏಕೆಂದರೆ ಆ ಲೆಕ್ಕ ಕಕ್ಷೆಯನ್ನು ವೃತ್ತ ಎಂದುಕೊಳ್ಳುತ್ತದೆ. ಆಗ ಹೊರಡುವ ದಿನವನ್ನು ಒಂದೊಂದೇ ದಿನ ಹಿಂದೆಮುಂದೆ ಸರಿಸಿ, ಮಂಗಳನಿಗೆ ನೌಕೆ ಅತಿ ಹತ್ತಿರ ಬಂದ ದೂರವನ್ನು ಪ್ರತಿ ಸಲವೂ ಬರೆದಿಟ್ಟುಕೊಳ್ಳಿ; ಆ ದೂರ ಅತಿ ಕಡಿಮೆಯಾದ ದಿನವನ್ನೇ ಆರಿಸಿ.