ಡಿಗ್ರಿ ಸಿಕ್ಕಿತು, ಆದರೆ ಇಡೀ ಕುಟುಂಬ ಎದುರಿಗೆ ಬಂದು ಕೂತಾಗ?

ಪ್ರಶ್ನೆ: ಇನ್ನೆರಡು ತಿಂಗಳಲ್ಲಿ ನನ್ನ ಫ್ಯಾಮಿಲಿ ಥೆರಪಿ ಸ್ನಾತಕೋತ್ತರ ಕೋರ್ಸ್ ಮುಗಿಯುತ್ತದೆ. ಮಾರ್ಕ್ಸ್ ಚೆನ್ನಾಗಿವೆ. ಆದರೆ ನಾಲ್ಕೈದು ಜನ ಒಟ್ಟಿಗೆ ಬಂದು ಕೂತರೆ ಏನು ಮಾಡಬೇಕು ಅಂತ ನೆನೆದರೇ ಕೈ ನಡುಗುತ್ತದೆ. ತಪ್ಪು ನನ್ನದಾ, ಕೋರ್ಸಿನದಾ?

ಉತ್ತರ: ಜಾಸ್ತಿ ಪಾಲು ಕೋರ್ಸಿನದು. ಥಿಯರಿಯನ್ನು ಕೋರ್ಸುಗಳು ಚೆನ್ನಾಗಿಯೇ ಕಲಿಸುತ್ತವೆ. ಫ್ಯಾಮಿಲಿ ಥೆರಪಿ ಕಟ್ಟಿದವರಲ್ಲಿ ಒಬ್ಬರಾದ ಮರ್ರೆ ಬೋವೆನ್ ಅವರ ತ್ರಿಕೋನ (ಇಬ್ಬರ ನಡುವಿನ ಬಿಗುವಿನೊಳಗೆ ಮೂರನೆಯವರನ್ನು ಎಳೆದುಕೊಳ್ಳುವುದು), ಮೂರು ತಲೆಮಾರಿನ ಜೀನೋಗ್ರಾಮ್ (ಮನೆಯವರ ಸಂಬಂಧಗಳನ್ನೂ ತೋರಿಸುವ ವಂಶವೃಕ್ಷ), ಅಂಥದೇ ಇನ್ನೊಬ್ಬರಾದ ಸಾಲ್ವಡಾರ್ ಮಿನುಚಿನ್ ಹೇಳಿದ ಮನೆಯೊಳಗಿನ ಗಡಿಗಳು (ಯಾರ ವಿಷಯದಲ್ಲಿ ಯಾರು ಎಷ್ಟು ತಲೆಹಾಕಬಹುದು ಅನ್ನುವುದು), ಇವೆಲ್ಲ ಬೇಕೇ ಬೇಕು. ಆದರೆ ಎಷ್ಟೋ ಕಡೆ ಪ್ರಾಕ್ಟಿಕಲ್ ಗಂಟೆಗಳು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುವುದರಲ್ಲೇ ಮುಗಿದುಹೋಗುತ್ತವೆ, ಯಾಕೆಂದರೆ ಅಪ್ಪನಿಗೆ ಬಿಡುವಿರಲ್ಲ, ಮಗಳು ಬರಲು ಒಪ್ಪಲ್ಲ, ಕೊನೆಗೆ ಅಮ್ಮ ಒಬ್ಬರೇ ಬರುತ್ತಾರೆ.

ನನ್ನ ತರಬೇತಿಯ ಒಂದು ಸೆಷನ್ ಹೇಳುತ್ತೇನೆ. ಹದಿಹರೆಯದ ಹುಡುಗ, ಅಪ್ಪ, ಅಮ್ಮ. ನಾನು ಹುಡುಗನನ್ನು ಕೇಳುತ್ತಿದ್ದೆ, ಅಪ್ಪ ಉತ್ತರ ಕೊಡುತ್ತಿದ್ದರು, ನಾನು ತಲೆ ತಗ್ಗಿಸಿಕೊಂಡು ಬರೆದುಕೊಳ್ಳುತ್ತಿದ್ದೆ. ಆಮೇಲೆ ಸೂಪರ್‌ವೈಸರ್ ವಿಡಿಯೊ ನಿಲ್ಲಿಸಿ, "ಅಮ್ಮನ ಕೈ ಎಲ್ಲಿದೆ ನೋಡು" ಅಂದರು. ಅಪ್ಪ ಬಾಯಿ ತೆರೆದಾಗಲೆಲ್ಲ ಆಕೆ ಮಗನ ಶರ್ಟಿನ ತುದಿ ಹಿಡಿದುಕೊಳ್ಳುತ್ತಿದ್ದರು. ತ್ರಿಕೋನದ ಬಗ್ಗೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವಳು ನಾನು. ಅದು ಮೂರಡಿ ದೂರದಲ್ಲಿ ಕೂತಿದ್ದಾಗ ಕಾಣಿಸಲಿಲ್ಲ.

ಡಿಗ್ರಿಯೊಂದೇ ಸಾಲಲ್ಲ ಅನ್ನುವುದು ಲೈಸೆನ್ಸ್ ಕೊಡುವವರಿಗೂ ಗೊತ್ತಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೂಪರ್‌ವಿಷನ್ ಅಡಿ 3,000 ಗಂಟೆ ಕೆಲಸ ಮಾಡಿರಬೇಕು, ಅದರಲ್ಲಿ ಕನಿಷ್ಠ 500 ಗಂಟೆ ದಂಪತಿ, ಕುಟುಂಬ, ಮಕ್ಕಳ ಜೊತೆಗೇ ಆಗಿರಬೇಕು. ಆ 500ರ ಮೇಲೆ ನಿಮ್ಮ ಕಣ್ಣಿರಲಿ. ನೀವು ಎಲ್ಲೇ ಇರಿ, ನಿಮ್ಮ ಲೆಕ್ಕದ ಪುಸ್ತಕ ತೆಗೆದು ನೋಡಿ, ಇಬ್ಬರಿಗಿಂತ ಜಾಸ್ತಿ ಜನ ಕೂತಿದ್ದ ಗಂಟೆಗಳು ಎಷ್ಟಿವೆ ಅಂತ.

ಇನ್ನೊಂದು ವಿಷಯವನ್ನು ತರಗತಿಯಲ್ಲಿ ಸುಮ್ನೆ ಮುಟ್ಟಿ ಬಿಡುತ್ತಾರೆ: ಗುಟ್ಟು. ಸೆಷನ್ನಿನ ಹಿಂದಿನ ದಿನ ಗಂಡ ಫೋನ್ ಮಾಡಿ "ಅವಳಿಗೆ ಹೇಳಬೇಡಿ, ಆದರೆ..." ಅಂತ ಶುರು ಮಾಡುತ್ತಾನೆ. ಕೇಳಿಸಿಕೊಂಡ ಮೇಲೆ ನೀವು ಒಬ್ಬರ ಪಕ್ಷ ಸೇರಿದ ಹಾಗೆ ಆಗುತ್ತದೆ ಅಲ್ವಾ? ಅದಕ್ಕೇ ಬೇರೆಬೇರೆಯಾಗಿ ಹೇಳಿದ್ದನ್ನು ಏನು ಮಾಡುತ್ತೀರಿ ಅಂತ ಮೊದಲ ದಿನವೇ ಎಲ್ಲರ ಎದುರು ಹೇಳಿ, ಬರೆದೂ ಕೊಡಿ. ಆದರೆ ಮನೆಯಲ್ಲಿ ಹೊಡೆತ ಬಡಿತದ ಅನುಮಾನ ಬಂದರೆ ಒಟ್ಟಿಗೆ ಕೂರಿಸಿ ಕೇಳಲೇಬೇಡಿ. ಒಬ್ಬೊಬ್ಬರನ್ನೇ ಕರೆದು ಕೇಳಿ, ಅದೇ ದಿನ ಸೂಪರ್‌ವೈಸರ್‌ಗೆ ತಿಳಿಸಿ.

ಕೆಲಸ ಹುಡುಕುವಾಗ ಸಂಬಳದ ಜೊತೆ ಇದನ್ನೂ ಕೇಳಿ: ಸೂಪರ್‌ವೈಸರ್ ನನ್ನ ಸೆಷನ್ ನೋಡುತ್ತಾರಾ, ಇಲ್ಲಾ ನಾನು ಹೇಳಿದ್ದನ್ನು ಕೇಳುತ್ತಾರಾ? ನಾವು ಗಮನಿಸದೇ ಇದ್ದದ್ದನ್ನು ನಾವು ಹೇಳುವುದಾದರೂ ಹೇಗೆ? ಮನೆಯವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡುವ ಜಾಗ, ಇಲ್ಲವೇ ಗಾಜಿನ ಆಚೆಯಿಂದ ಯಾರಾದರೂ ನೋಡುವ ಜಾಗ ಸಿಕ್ಕರೆ ಅಲ್ಲಿಗೇ ಹೋಗಿ. ಉಳಿದಿರುವ ಎರಡು ತಿಂಗಳಲ್ಲಿ ಒಂದು ಪೂರ್ತಿ ಕುಟುಂಬದ ಸೆಷನ್ನಿನಲ್ಲಿ ಸೀನಿಯರ್ ಒಬ್ಬರ ಪಕ್ಕ ಕೂರಲು ಅವಕಾಶ ಕೇಳಿ. ಈಗ ಆಗಲ್ಲ ಅಂದರೆ ಮುಂದಿನ ವಾರ ಮತ್ತೆ ಕೇಳಿ.