ಅವ್ವ ತವರಿಗೆ ನಡೆದ ದಾರಿ

ಮೊನ್ನೆ ಮದುವೆಮನೆಯಲ್ಲಿ ಗೋಡೆಯ ಮೇಲಿನ ಫೋಟೋ ನೋಡಿ ನೀವು ಕೇಳಿದಿರಿ, “ನಿಮ್ಮ ಅಜ್ಜಿ ತೆಲುಗಿನವರಾ?” ಊಟಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು. ಮೈಸೂರು ಕಡೆಯವರಿಗೆ ಇದನ್ನು ಒಂದು ಮಾತಿನಲ್ಲಿ ಹೇಳಲು ಆಗುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಪ್ಪ ಆಕೆಯನ್ನು ಅವ್ವ ಅಂತಿದ್ದ, ನಾವು ಮೊಮ್ಮಕ್ಕಳೂ ಅವ್ವ ಅಂತಲೇ ಕರೆದೆವು. ಆಕೆಯ ತವರು ಐಜದ ಹತ್ತಿರ ಒಂದು ಹಳ್ಳಿ. ನಮ್ಮೂರು ರಾಯಚೂರಿನ ಮೂಡಣಕ್ಕೆ. ಎರಡರ ನಡುವೆ ಹೊಳೆಯಿಲ್ಲ, ಗುಡ್ಡವಿಲ್ಲ. ಕೃಷ್ಣೆ ಬಡಗಣಕ್ಕೆ, ತುಂಗಭದ್ರೆ ತೆಂಕಣಕ್ಕೆ, ನಡುವೆ ಒಂದೇ ಎರೆ ಭೂಮಿ, ಒಂದೇ ಜೋಳ, ಒಂದೇ ಪುಂಡಿಪಲ್ಯ. 1952ರಲ್ಲಿ ಹದಿನಾಲ್ಕರ ಹುಡುಗಿ ಎತ್ತಿನ ಬಂಡಿಯಲ್ಲಿ ಗಂಡನ ಮನೆಗೆ ಬಂದಾಗ ಎರಡೂ ಊರು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲೇ ಇದ್ದವು. 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ, ಆಲಂಪುರ ತಾಲೂಕುಗಳು ಮಾತ್ರ ಆಂಧ್ರಕ್ಕೆ ಹೋದವು. ಅವ್ವನ ತವರು ಆ ಕಡೆ ಉಳಿಯಿತು. 2014ರಲ್ಲಿ ಅದೇ ಹಳ್ಳಿ ತೆಲಂಗಾಣ ಆಯಿತು. ಆಕೆ ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: “ಊರು ಕೂತಲ್ಲೇ ಕೂತೈತಿ, ಮಂದಿ ಹೆಸರು ಬದಲಿ ಮಾಡಾಕ ಹತ್ಯಾರ.”

ತಂಗಿಯರು ಬಂದರೆ ತೆಲುಗು, ಬಳೆಗಾರ ಬಂದರೆ ನಮ್ಮ ಕಡೆಯ ಉರ್ದು, ನಮ್ಮನ್ನು ಬೈಯುವಾಗ, ದೇವರನ್ನು ಕರೆಯುವಾಗ ಕನ್ನಡ. ಇಲ್ಲಿ ಇದು ದೊಡ್ಡ ವಿಷಯವೇ ಅಲ್ಲ. ಮೊಹರಂ ಬಂದರೆ ಅಲಾಯಿ ದೇವರಿಗೆ, ಅಂದರೆ ಆಗ ಕೂರಿಸುವ ಪಂಜಾಗಳಿಗೆ, ಚೊಂಗೆ ಅನ್ನುವ ಸಿಹಿ ತಿನಿಸು ಮಾಡಿ ಒಯ್ಯುತ್ತಿದ್ದಳು, ಒಮ್ಮೆ ಅಪ್ಪನ ಜ್ವರಕ್ಕೆ ಹರಕೆ ಹೊತ್ತು ಮೊಹರಂಗೆ ಹೆಸರಾದ ಮುದಗಲ್ಲಿನ ತನಕ ಹೋಗಿ ಬಂದಿದ್ದಳು. ಆದರೆ ಆಕೆಯ ದೇವರು ಅಂದರೆ ಶ್ರೀಶೈಲದ ಮಲ್ಲಯ್ಯ.

ಯುಗಾದಿಗೆ ಮುಂಚೆ ನಮ್ಮ ಕಡೆಯ ರಸ್ತೆಗಳನ್ನು ನೀವು ನೋಡಬೇಕು. ರಾಯಚೂರಿನವರಷ್ಟೇ ಅಲ್ಲ, ಬಾಗಲಕೋಟೆ, ವಿಜಯಪುರದ ಕಡೆಯಿಂದಲೂ ಮಂದಿ ಹೆಗಲ ಮೇಲೆ ದೇವರ ಕಂಬಿ ಹೊತ್ತು ಶ್ರೀಶೈಲಕ್ಕೆ ಹೊರಡುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ದಾರಿಯುದ್ದ ದಾಸೋಹ, ಮಜ್ಜಿಗೆ, ಕಲ್ಲಂಗಡಿ. ಕನ್ನಡದವರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಅರಿಶಿನ, ಕುಂಕುಮ ಒಯ್ಯದೆ ಇದ್ದರೆ ಹೇಗೆ?

ಅವ್ವ ಮೊದಲು ನಡೆದದ್ದು 1961ರಲ್ಲಿ. ಅದರ ಹಿಂದಿನ ಮಾತನ್ನು ಆಕೆ ನನಗೆ ಹೇಳಿದ್ದು ಎಪ್ಪತ್ತು ದಾಟಿದ ಮೇಲೆ, ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ. ಅತ್ತೆ ಮೂರು ವರ್ಷ ತವರಿಗೆ ಕಳಿಸಿರಲಿಲ್ಲವಂತೆ. ಜೋಳದ ರಾಶಿ ಮುಗಿಯಲಿ ಅಂದರು, ಮುಗಿದ ಮೇಲೆ ಮಳೆ ಬರಲಿ ಅಂದರು, ಮಳೆ ಬಂದ ಮೇಲೆ ಬಿತ್ತಿಗೆ. ಅಷ್ಟರಲ್ಲಿ ತವರಿನ ತಾಯಿ ಹಾಸಿಗೆ ಹಿಡಿದಿದ್ದಳು. ಒಂದು ಸೋಮವಾರ ಈಕೆ ದೇವರ ಮುಂದೆ ತೆಂಗಿನಕಾಯಿ ಕಟ್ಟಿ, “ಮಲ್ಲಯ್ಯನ ಹರಕೆ ಐತಿ, ನಡಕೋತ ಹೊಂಟೀನಿ” ಅಂದಳು. ಸೊಸೆಗೆ ಬೇಡ ಅನ್ನಬಹುದು, ಮಲ್ಲಯ್ಯನಿಗೆ ಬೇಡ ಅನ್ನುವವರು ಯಾರು? ಹಾಲು ಕುಡಿಯುವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಕಟಕ ರೊಟ್ಟಿ, ಶೇಂಗಾ ಹಿಂಡಿ (ನಿಮ್ಮ ಕಡೆಯ ಚಟ್ನಿಪುಡಿ) ಗಂಟು ಹೊತ್ತು ಹೊರಟೇಬಿಟ್ಟಳು. ಐಜದ ಮೇಲೇ ದಾರಿ. ಎರಡನೇ ರಾತ್ರಿ ಮಂದಿಯೆಲ್ಲ ತವರಿನ ಗುಡಿಯಲ್ಲಿ ಮಲಗಿತು, ಈಕೆ ತಾಯಿಯ ಪಕ್ಕದಲ್ಲಿ ಮಲಗಿದಳು.

“ಸುಳ್ಳು ಹರಕೆನಾ ಅವ್ವಾ?” ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ತಾಯಿನ ನೋಡಬೇಕು ಅಂತ ಬೇಡಿಕೊಂಡಿದ್ದು ಖರೇ. ಅವ ತೋರಿಸಿದ. ಆಮ್ಯಾಲ ನಡೀದೆ ಹ್ಯಾಂಗ ಇರಲಿ?” ಅಂದಳು. ಆ ವರ್ಷ ಶುರುವಾದದ್ದು 2004ರ ತನಕ, ಬಾಣಂತನದ ವರ್ಷಗಳನ್ನು ಬಿಟ್ಟರೆ, ನಿಲ್ಲಲಿಲ್ಲ.

ಎಂಟು ದಿನದ ದಾರಿ ಅದು. ಆಲಂಪುರದಲ್ಲಿ ಜೋಗುಳಾಂಬೆಗೆ ಕೈಮುಗಿದು, ತುಂಗಭದ್ರೆ ದಾಟಿ ಕರ್ನೂಲು, ಅಲ್ಲಿಂದ ಆತ್ಮಕೂರು, ವೆಂಕಟಾಪುರ. ಆಮೇಲೆ ನಲ್ಲಮಲ ಅಡವಿ. ಹುಲಿ, ಕರಡಿ ಇರುವ ಕಾಡು. ನಾಗಲೂಟಿ ದಾಟಿದ ಮೇಲೆ ನೀರೇ ಕಷ್ಟ, ಭೀಮನಕೊಳ್ಳದಲ್ಲಿ ಇಳಿದು ಮತ್ತೆ ಹತ್ತಬೇಕು, ಮೇಲೆ ಕೈಲಾಸಬಾಗಿಲು. ಕತ್ತಲಲ್ಲಿ ಹೆಂಗಸರು ಹೆದರಿ ನಿಂತರೆ ಅವ್ವ ಮುಂದೆ ಬಂದು ಲಾಟೀನು ಹಿಡಿಯುತ್ತಿದ್ದಳು. “ಅಕ್ಕ ಒಬ್ಬಾಕೀನ ಬಂದಾಳ ಈ ಅಡವಿಗೆ. ನಾವು ನಲವತ್ತು ಮಂದಿ ಇದೀವಿ, ನಡೀರಿ.” ಹನ್ನೆರಡನೇ ಶತಮಾನದ ಅಕ್ಕಮಹಾದೇವಿಯ ಸುದ್ದಿ ಅದು. ಓದು ಬಾರದ ಅವ್ವನಿಗೆ ಚೆನ್ನಮಲ್ಲಿಕಾರ್ಜುನನ ವಚನಗಳು ಬಾಯಿಗೇ ಬರುತ್ತಿದ್ದವು.

ಆಕೆಯ ಗಂಟಿನಲ್ಲಿ ಒಂದು ಸೂಜಿ, ಕರಿದಾರದ ಉಂಡೆ, ಸಣ್ಣ ಸೀಸೆಯಲ್ಲಿ ಹರಳೆಣ್ಣೆ ತಪ್ಪದೆ ಇರುತ್ತಿದ್ದವು. ಸುಡು ಡಾಂಬರಿನ ಮೇಲೆ ಬರಿಗಾಲು, ಎರಡನೇ ದಿನಕ್ಕೇ ಗುಳ್ಳೆ. ಸೂಜಿಯನ್ನು ದೀಪಕ್ಕೆ ಹಿಡಿದು, ದಾರವನ್ನು ಎಣ್ಣೆಯಲ್ಲಿ ಅದ್ದಿ, ಗುಳ್ಳೆಯ ಈ ಬದಿಯಿಂದ ಆ ಬದಿಗೆ ದಾಟಿಸಿ, ಎರಡೂ ತುದಿಗೆ ಬೆರಳಗಲ ದಾರ ಬಿಟ್ಟು ಕತ್ತರಿಸುತ್ತಿದ್ದಳು. ರಾತ್ರಿಯೆಲ್ಲ ನೀರು ದಾರದ ಗುಂಟ ಇಳಿದುಹೋಗುತ್ತದೆ, ಚರ್ಮ ಸುಲಿಯುವುದಿಲ್ಲ, ಬೆಳಿಗ್ಗೆ ಎದ್ದು ನಡೆಯಬಹುದು. ಪಕ್ಕದ ಬಿಡಾರದವರೂ ಪಾದ ಚಾಚಿ ಕೂರುತ್ತಿದ್ದರಂತೆ. ನಾನು ಹತ್ತು ವರ್ಷದವಳಿದ್ದಾಗ ಹೊಲದಲ್ಲಿ ಹೊಸ ಚಪ್ಪಲಿ ಕಚ್ಚಿ ಅತ್ತದ್ದಕ್ಕೆ ನನ್ನ ಹಿಮ್ಮಡಿಗೂ ಹಾಗೇ ದಾರ ಎಳೆದಿದ್ದಳು. ಚಿಟಿಕೆಯಷ್ಟೂ ನೋಯಲಿಲ್ಲ.

ನಡೆಯಲು ಆಗದೆ ಹೋದ ಮೇಲೆ ಸೀರೆಯನ್ನು ಬೇರೆಯವರ ಕೈಲಿ ಕಳಿಸುತ್ತಿದ್ದಳು. ಗದ್ವಾಲ ಸೀರೆಯೇ ಆಗಬೇಕು, ಹತ್ತಿ ಒಡಲಿಗೆ ರೇಷ್ಮೆ ಸೆರಗಿನದು. 2020ರ ಯುಗಾದಿ ಮಾರ್ಚ್ 25ಕ್ಕೆ ಬಂತು, ಲಾಕ್‌ಡೌನ್ ಶುರುವಾದ ದಿನವೇ. ಗುಡಿ ಮುಚ್ಚಿತ್ತು. ಸೀರೆ ಟ್ರಂಕಿನ ಮೇಲೇ ಉಳಿಯಿತು. ಅವ್ವ ಬಂದು ಬಂದು ಅದರ ಮಡಿಕೆ ಸರಿಮಾಡಿ ಹೋಗುತ್ತಿದ್ದಳು. ಆ ಚಳಿಗಾಲದಲ್ಲಿ ಆಕೆ ತೀರಿಕೊಂಡಳು.

2022ರಲ್ಲಿ ಆ ಸೀರೆ ಹೊತ್ತು ನಾನೇ ನಡೆದೆ. ಈಗ ಆ ದಾರಿಯಲ್ಲಿ ಮೂರು ರಾಜ್ಯ: ಕರ್ನಾಟಕ ಬಿಟ್ಟು ತೆಲಂಗಾಣ, ತುಂಗಭದ್ರೆ ದಾಟಿದರೆ ಆಂಧ್ರ. ಎರಡನೇ ರಾತ್ರಿ ಅವ್ವನ ತವರುಮನೆ ಮುಟ್ಟಿದಾಗ ಪಾದ ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಅವ್ವನ ತಮ್ಮನ ಸೊಸೆ ಬಿಸಿನೀರು ತಂದಳು. ಕಾಲು ಒರೆಸಿ, ಮಾತಿಲ್ಲದೆ ಒಳಗೆ ಹೋಗಿ ಸೂಜಿ, ಕರಿದಾರ, ಎಣ್ಣೆ ಬಟ್ಟಲು ಹಿಡಿದು ಬಂದು ಕೂತಳು. ದಾರ ದಾಟಿಸಿ ಬೆರಳಗಲ ಬಿಟ್ಟು ಕತ್ತರಿಸಿದಳು. ನಾನು ಆಕೆಯ ಕೈಯನ್ನೇ ನೋಡುತ್ತಿದ್ದುದನ್ನು ಕಂಡು, “ಪೆದ್ದತ್ತ ನೇರ್ಪಿಂದಿ” ಅಂದಳು. ದೊಡ್ಡತ್ತೆ ಕಲಿಸಿದ್ದು ಅಂತ. ಬೆಳಿಗ್ಗೆ ಹೊರಡುವಾಗ ನನ್ನ ಗಂಟಿನಲ್ಲಿ ಇನ್ನೊಂದು ಸೀರೆ ಇಟ್ಟು, ಬರುವ ವರ್ಷ ಎಷ್ಟು ಮಂದಿ ಬರುತ್ತೀರಿ, ಮಜ್ಜಿಗೆಗೆ ಹೇಳಿಡಬೇಕು ಅಂತ ಕೇಳಿದಳು.